ಮನೆಯೊಳಗಿನ ಮಂದ್ರನಾದ: ಸಬ್‌ವೂಫರಿನ ಸ್ಥಾನವಿಚಾರ

ನಾದಪ್ರಿಯತೆಯು ಕೃಷ್ಣಾ-ಘಟಪ್ರಭಾ ತೀರದ ಜನತೆಗೆ ಹುಟ್ಟಿನಿಂದಲೇ ಬಂದ ಗುಣ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಯಾವ ಜಾತ್ರೆಯೂ ಕರಡಿ ಮಜಲಿನ ಘೋಷವಿಲ್ಲದೆ ಪೂರ್ಣವಾಗದು. ಪಲ್ಲಕ್ಕಿಯ ಮುಂದೆ ಕರಡಿ ವಾದ್ಯ ಮೊಳಗಿದಾಗ ಆ ನಾದವನ್ನು ಕಿವಿಯೊಂದೇ ಅಲ್ಲ, ಎದೆಯೂ ಕೇಳುತ್ತದೆ. ನಿಂತ ನೆಲವೂ ಮಿಡಿದಂತಾಗುತ್ತದೆ. ಶ್ರೀಕೃಷ್ಣ ಪಾರಿಜಾತದ ಹಾಡುಗಾರಿಕೆಯಲ್ಲಿ ಡಗ್ಗಾದ ಗುಮುಕು, ಭಜನೆಯಲ್ಲಿ ತಂಬೂರಿಯ ಖರ್ಜ ತಂತಿಯ ಝೇಂಕಾರ, ಇವೆಲ್ಲವೂ ಮಂದ್ರನಾದದ ವೈಭವಗಳೇ.

ಈ ವೈಭವವನ್ನು ಮನೆಯೊಳಗೆ ತರಲೆಂದು ಇಂದು ಅನೇಕ ಕುಟುಂಬಗಳು ಸಬ್‌ವೂಫರ್ ಎಂಬ ಮಂದ್ರಧ್ವನಿವರ್ಧಕವನ್ನು ಕೊಳ್ಳುತ್ತಿವೆ. ಆದರೆ ಒಂದು ವಿಚಿತ್ರ ಸಂಗತಿಯುಂಟು. ಒಂದೇ ಅಂಗಡಿಯಿಂದ ಒಂದೇ ಬೆಲೆಗೆ ತಂದ ಒಂದೇ ಬಗೆಯ ಉಪಕರಣವು ಒಂದು ಮನೆಯಲ್ಲಿ ಗಂಭೀರವಾಗಿ ನುಡಿಯುತ್ತದೆ. ಇನ್ನೊಂದು ಮನೆಯಲ್ಲಿ ಖಾಲಿ ಡಬ್ಬಿಯಂತೆ ಗುಂಯ್‌ಗುಡುತ್ತದೆ. ಮೂರನೆಯ ಮನೆಯಲ್ಲಿ ಅದು ಇದೆಯೋ ಇಲ್ಲವೋ ಎಂಬಷ್ಟು ಸೊರಗಿರುತ್ತದೆ. ದೋಷವನ್ನು ಸಾಮಾನ್ಯವಾಗಿ ಯಂತ್ರದ ಮೇಲೆ ಹೊರಿಸಲಾಗುತ್ತದೆ. ವಾಸ್ತವದಲ್ಲಿ ಮಂದ್ರನಾದದ ವಿಷಯದಲ್ಲಿ ಯಂತ್ರವು ವಾದ್ಯದ ಅರ್ಧಭಾಗ ಮಾತ್ರ. ಉಳಿದರ್ಧ ಭಾಗವು ಅದನ್ನು ಇರಿಸಿದ ಕೋಣೆ. ಆದುದರಿಂದ ಯಂತ್ರದ ಗಾತ್ರಕ್ಕಿಂತ ಅದರ ಸ್ಥಾನವೇ ಮಿಗಿಲು. ಈ ಮಾತಿನ ಹಿಂದಿರುವ ಭೌತಶಾಸ್ತ್ರವನ್ನೂ ಆಚರಣೆಯ ಕ್ರಮವನ್ನೂ ವಿವರಿಸುವುದು ಈ ಲೇಖನದ ಉದ್ದೇಶ.

ಮಂದ್ರಧ್ವನಿಯ ಸ್ವರೂಪ

ಧ್ವನಿಯೆಂದರೆ ಗಾಳಿಯಲ್ಲಿ ಹರಿಯುವ ಒತ್ತಡದ ಅಲೆ. ಒಂದು ಸೆಕೆಂಡಿನಲ್ಲಿ ಉಂಟಾಗುವ ಕಂಪನಗಳ ಸಂಖ್ಯೆಗೆ ಆವೃತ್ತಿಯೆಂದು ಹೆಸರು. ಅದರ ಮಾನ ಹರ್ಟ್ಝ್. ಮಾನವನ ಕಿವಿಯು ಸುಮಾರು 20 ಹರ್ಟ್ಝ್‌ನಿಂದ 20,000 ಹರ್ಟ್ಝ್‌ವರೆಗಿನ ಧ್ವನಿಯನ್ನು ಗ್ರಹಿಸಬಲ್ಲದು. ಇವುಗಳಲ್ಲಿ ಕೆಳಗಿನ 20ರಿಂದ 100 ಹರ್ಟ್ಝ್‌ವರೆಗಿನ ಪ್ರದೇಶವೇ ಸಬ್‌ವೂಫರಿನ ಕಾರ್ಯಕ್ಷೇತ್ರ. ಪುರುಷ ಗಾಯಕನ ತಂಬೂರಿಯ ಖರ್ಜ ತಂತಿಯು 70 ಹರ್ಟ್ಝ್‌ನ ಆಸುಪಾಸಿನಲ್ಲಿ ನುಡಿಯುತ್ತದೆ.

20 ಡಿಗ್ರಿ ಉಷ್ಣತೆಯಲ್ಲಿ ಧ್ವನಿಯ ವೇಗ ಸೆಕೆಂಡಿಗೆ 343 ಮೀಟರ್. ಈ ಸೀಮೆಯ ಬೇಸಿಗೆಯಲ್ಲಿ ಗಾಳಿ 40 ಡಿಗ್ರಿಗೆ ಕಾದಾಗ ಅದು ಸುಮಾರು 355 ಮೀಟರಿಗೆ ಏರುತ್ತದೆ. ವೇಗವನ್ನು ಆವೃತ್ತಿಯಿಂದ ಭಾಗಿಸಿದರೆ ತರಂಗದೂರ ದೊರೆಯುತ್ತದೆ. 10,000 ಹರ್ಟ್ಝ್‌ನ ತಾರಧ್ವನಿಯ ತರಂಗದೂರ ಕೇವಲ ಮೂರೂವರೆ ಸೆಂಟಿಮೀಟರ್. ಅಂದರೆ ಬೆರಳಿನ ಒಂದೂವರೆ ಗೆಣ್ಣಿನಷ್ಟು. ಆದರೆ 40 ಹರ್ಟ್ಝ್‌ನ ಮಂದ್ರಧ್ವನಿಯ ತರಂಗದೂರ ಎಂಟೂವರೆ ಮೀಟರಿಗೂ ಹೆಚ್ಚು. ಅದು ಬಹುತೇಕ ಮನೆಗಳ ಪಡಸಾಲೆಗಿಂತ ಉದ್ದವಾದ ಅಲೆ. ಕೋಣೆಯೊಳಗೆ ಇಡಿಯಾಗಿ ಹಿಡಿಯದ ಅಲೆಯನ್ನು ಕೋಣೆಯೊಳಗೆ ಎಬ್ಬಿಸಲು ಹೊರಟಿರುವುದೇ ಎಲ್ಲ ತೊಡಕುಗಳ ಮೂಲ.

ಇಂತಹ ದೀರ್ಘತರಂಗಗಳಿಗೆ ಎರಡು ವಿಶೇಷ ಗುಣಗಳುಂಟು. ಮೊದಲನೆಯದು, ಅವು ಕಂಬ, ಕಪಾಟು, ಕುರ್ಚಿಗಳಂತಹ ಅಡ್ಡಿಗಳನ್ನು ಲೆಕ್ಕಿಸದೆ ಸುತ್ತಿ ಹಬ್ಬುತ್ತವೆ. ಎರಡನೆಯದು, ಸುಮಾರು 80 ಹರ್ಟ್ಝ್‌ಗಿಂತ ಕೆಳಗಿನ ಧ್ವನಿಯು ಯಾವ ದಿಕ್ಕಿನಿಂದ ಬಂದಿತೆಂಬುದನ್ನು ಮುಚ್ಚಿದ ಕೋಣೆಯಲ್ಲಿ ಕಿವಿಯು ಸುಲಭವಾಗಿ ಗುರುತಿಸಲಾರದು. ಆದಕಾರಣ ಸಬ್‌ವೂಫರನ್ನು ದೂರದರ್ಶನದ ಪಕ್ಕದಲ್ಲಿಯೇ ಇಡಬೇಕೆಂಬ ನಿರ್ಬಂಧವಿಲ್ಲ. ಸ್ಥಾನವನ್ನು ಆರಿಸುವ ಸ್ವಾತಂತ್ರ್ಯವನ್ನು ಪ್ರಕೃತಿಯೇ ಕೊಟ್ಟಿದೆ. ಅದನ್ನು ಬಳಸಿಕೊಳ್ಳುವ ಜಾಣ್ಮೆ ಬೇಕು.

ಉಪಕರಣದ ರಚನೆ

ಇಂದಿನ ಧ್ವನಿವರ್ಧಕಗಳ ಮೂಲಮಾದರಿಯನ್ನು ಅಮೆರಿಕೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬ ವಿಜ್ಞಾನಿಗಳು 1925ರಲ್ಲಿ ಪ್ರಕಟಿಸಿದರು. ಕಾಂತಕ್ಷೇತ್ರದಲ್ಲಿ ತೂಗುವ ತಂತಿಯ ಸುರುಳಿಗೆ ವಿದ್ಯುತ್ ಸಂಕೇತವನ್ನು ಹರಿಸಿದಾಗ ಸುರುಳಿಯು ಹಿಂದೆಮುಂದೆ ಚಲಿಸುತ್ತದೆ. ಅದಕ್ಕೆ ಅಂಟಿದ ಶಂಕುವಿನಾಕಾರದ ಹಾಳೆಯು ಗಾಳಿಯನ್ನು ನೂಕುತ್ತದೆ. ಆವೃತ್ತಿಯು ಅರ್ಧಕ್ಕಿಳಿದಾಗ, ಅಷ್ಟೇ ಗಟ್ಟಿಯಾದ ಧ್ವನಿಯನ್ನು ಹೊಮ್ಮಿಸಲು ಹಾಳೆಯು ನಾಲ್ಕು ಪಟ್ಟು ದೂರ ಚಲಿಸಬೇಕಾಗುತ್ತದೆ. ಸಬ್‌ವೂಫರಿನ ಶಂಕುವು ದೊಡ್ಡದಾಗಿಯೂ ಅದರ ಅಂಚು ಸಡಿಲವಾಗಿಯೂ ಇರುವುದು ಈ ಕಾರಣದಿಂದ.

ಶಂಕುವಿನ ಹಿಂಬದಿಯ ಧ್ವನಿಯು ಮುಂಬದಿಯ ಧ್ವನಿಗೆ ವಿರುದ್ಧವಾದುದು. ಎರಡೂ ಕೂಡಿದರೆ ಪರಸ್ಪರ ಅಳಿಸಿಹೋಗುತ್ತವೆ. ಅದನ್ನು ತಡೆಯಲು ಪೆಟ್ಟಿಗೆ ಬೇಕು. ಪೆಟ್ಟಿಗೆಗಳಲ್ಲಿ ಎರಡು ಬಗೆ: ಪೂರ್ಣ ಮುಚ್ಚಿದುದು ಮತ್ತು ಕೊಳವೆಯ ಬಾಯಿಯುಳ್ಳದ್ದು. ಬರಿದಾದ ಕೊಡದ ಬಾಯಿಯ ಮೇಲೆ ಊದಿದಾಗ ಅದು ಒಂದು ನಿಶ್ಚಿತ ಸ್ವರದಲ್ಲಿ ಗುಂಯ್‌ಗುಡುವುದನ್ನು ಎಲ್ಲರೂ ಬಲ್ಲರು. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 19ನೆಯ ಶತಮಾನದಲ್ಲಿ ಈ ತತ್ತ್ವವನ್ನು ಗಣಿತಬದ್ಧಗೊಳಿಸಿದನು. ಕೊಳವೆಯುಳ್ಳ ಪೆಟ್ಟಿಗೆಯು ಅಂತಹ ಕೊಡವೇ ಸರಿ. ಪೆಟ್ಟಿಗೆಯ ಗಾತ್ರ, ಕೊಳವೆಯ ಅಳತೆ ಮತ್ತು ಶಂಕುವಿನ ಗುಣಗಳನ್ನು ಹೊಂದಿಸುವ ಸೂತ್ರಗಳನ್ನು ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿಯೂ ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿಯೂ ರೂಪಿಸಿದರು.

ನಾದವು ವಾದ್ಯದ ರಚನೆಯನ್ನು ಅವಲಂಬಿಸಿದೆಯೆಂಬುದನ್ನು ಭಾರತೀಯರು ಬಹು ಹಿಂದೆಯೇ ಅರಿತಿದ್ದರು. ಮೃದಂಗ-ತಬಲಾಗಳ ಚರ್ಮದ ಮೇಲೆ ಹಚ್ಚುವ ಕಪ್ಪು ಕರಣೆಯು ಕೇವಲ ಅಲಂಕಾರವಲ್ಲ, ಚರ್ಮದ ಅಡ್ಡಾದಿಡ್ಡಿ ಸ್ವರಗಳನ್ನು ಸುಸಂಗತ ಸ್ವರಗಳನ್ನಾಗಿಸುವ ಉಪಾಯವೆಂದು ಸರ್ ಸಿ. ವಿ. ರಾಮನ್ 1920ರಲ್ಲಿ ಸಹೋದ್ಯೋಗಿಯೊಡನೆ ನೇಚರ್ ಪತ್ರಿಕೆಯಲ್ಲಿ ತೋರಿಸಿದರು. 1934ರಲ್ಲಿ ಅದನ್ನೇ ವಿಸ್ತರಿಸಿ ಬರೆದರು. ಕರಣೆಯನ್ನು ಎಷ್ಟು, ಎಲ್ಲಿ ಹಚ್ಚಬೇಕೆಂಬುದನ್ನು ವಾದ್ಯ ಕಟ್ಟುವ ಕುಶಲಿಯು ಕಿವಿಯಿಂದಲೇ ನಿರ್ಣಯಿಸುತ್ತಿದ್ದನು. ಸಬ್‌ವೂಫರಿನ ಸ್ಥಾನನಿರ್ಣಯವೂ ಅದೇ ಜಾತಿಯ ಕೆಲಸ: ಎಷ್ಟು, ಎಲ್ಲಿ ಎಂಬ ಎರಡು ಪ್ರಶ್ನೆಗಳಿಗೆ ಕಿವಿಯಿಂದ ಉತ್ತರ ಪಡೆಯುವುದು.

ಕೋಣೆಯೆಂಬ ಜೋಕಾಲಿ

ನಾಗರಪಂಚಮಿಯ ಜೋಕಾಲಿಯನ್ನು ನೆನೆಯಬೇಕು. ಹಗ್ಗದ ಉದ್ದಕ್ಕೆ ತಕ್ಕಂತೆ ಜೋಕಾಲಿಗೆ ತನ್ನದೇ ಆದ ಒಂದು ಲಯವಿರುತ್ತದೆ. ಆ ಲಯಕ್ಕೆ ಸರಿಯಾಗಿ ನೂಕಿದರೆ ಚಿಕ್ಕ ಬಾಲಕಿಯ ಕೈಯ ಬಲದಿಂದಲೇ ಅದು ಮರದ ಕೊಂಬೆಯೆತ್ತರಕ್ಕೆ ಏರುತ್ತದೆ. ಲಯ ತಪ್ಪಿ ನೂಕಿದರೆ ಬಲಶಾಲಿಯ ಶ್ರಮವೂ ವ್ಯರ್ಥ. ಇದನ್ನೇ ಅನುರಣನೆ ಎನ್ನುತ್ತಾರೆ.

ಕೋಣೆಯೂ ಹೀಗೆಯೇ. ಎದುರುಬದುರು ಇರುವ ಎರಡು ಗೋಡೆಗಳ ನಡುವೆ ಧ್ವನಿಯು ಪ್ರತಿಫಲಿಸಿ ಓಡಾಡುತ್ತದೆ. ಗೋಡೆಗಳ ಅಂತರವು ಅರ್ಧ ತರಂಗದೂರಕ್ಕೆ ಸಮನಾದಾಗ ಹೋಗುವ ಅಲೆಯೂ ಬರುವ ಅಲೆಯೂ ಕೂಡಿ ಸ್ಥಾಯೀ ತರಂಗವಾಗಿ ನಿಲ್ಲುತ್ತವೆ. ಆಗ ಗೋಡೆಯ ಬಳಿ ಒತ್ತಡದ ಏರಿಳಿತ ಅತ್ಯಧಿಕ, ಕೋಣೆಯ ನಟ್ಟನಡುವೆ ಅತ್ಯಲ್ಪ. ಧ್ವನಿಯ ವೇಗವನ್ನು ಗೋಡೆಗಳ ಅಂತರದ ಎರಡರಷ್ಟರಿಂದ ಭಾಗಿಸಿದರೆ ಆ ಕೋಣೆಯ ಸಹಜ ಸ್ವರವು ಸಿಗುತ್ತದೆ.

18 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಪಡಸಾಲೆಯೊಂದನ್ನು ತೆಗೆದುಕೊಳ್ಳೋಣ. ಉದ್ದದಿಂದ ಸುಮಾರು 31, ಅಗಲದಿಂದ 47, ಎತ್ತರದಿಂದ 56 ಹರ್ಟ್ಝ್‌ನ ಸಹಜ ಸ್ವರಗಳು ದೊರೆಯುತ್ತವೆ. ಮೂರೂ ಬೇರೆ ಬೇರೆಯಾದುದರಿಂದ ಇದು ಸಹನೀಯ ಕೋಣೆ. ಈಗ 10 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆಯನ್ನು ಪರಿಶೀಲಿಸೋಣ. ಇಲ್ಲಿ ಮೂರು ದಿಕ್ಕಿನ ಸ್ವರಗಳೂ 56 ಹರ್ಟ್ಝ್‌ನಲ್ಲಿಯೇ ಬಂದು ಕೂಡುತ್ತವೆ. ಸಂಗೀತದಲ್ಲಿ ಆ ಸ್ವರ ಬಂದಾಗಲೆಲ್ಲ ಕೋಣೆಯು ಗುಡುಗುತ್ತದೆ. ಅದರ ಅಕ್ಕಪಕ್ಕದ ಸ್ವರಗಳು ಬಡವಾಗುತ್ತವೆ. ಚಿಕ್ಕ ಚೌಕ ಕೋಣೆಗೆ ದೊಡ್ಡ ಸಬ್‌ವೂಫರ್ ತಂದವರ ನಿರಾಶೆಗೆ ಕಾರಣ ಇದೇ.

ಕಟ್ಟಡದ ಬಗೆಯೂ ಗಣನೀಯ. ಜಮಖಂಡಿ, ಮುಧೋಳಗಳ ಹಳೆಯ ಮನೆಗಳಿಗೆ ದಪ್ಪನೆಯ ಕಲ್ಲು-ಮಣ್ಣಿನ ಗೋಡೆ, ಮೇಲೆ ತೊಲೆ-ಜಂತೆಗಳ ಮಣ್ಣಿನ ಮಾಳಿಗೆ. ಅಲ್ಲಿ ಗೋಡೆಗಳು ಮಂದ್ರಧ್ವನಿಯನ್ನು ಹಿಂದಿರುಗಿಸಿದರೂ ಮರದ ಬಾಗಿಲು ಹಲಗೆಗಳು ತುಸು ಕಂಪಿಸಿ ಅದರ ಶಕ್ತಿಯನ್ನು ಹೀರುತ್ತವೆ. ಅಂಗಳಕ್ಕೆ ತೆರೆದ ಪಡಸಾಲೆಯಾದರಂತೂ ಅಲೆಯು ಹೊರಗೆ ಹರಿದುಹೋಗುತ್ತದೆ. ಆಲಮಟ್ಟಿಯ ಹಿನ್ನೀರಿನಿಂದ ಸ್ಥಳಾಂತರಗೊಂಡ ಬೀಳಗಿ ಸೀಮೆಯ ಊರುಗಳಲ್ಲಿಯೂ, ಎಲ್ಲ ಪಟ್ಟಣಗಳ ಹೊಸ ಬಡಾವಣೆಗಳಲ್ಲಿಯೂ ಎದ್ದ ಕಾಂಕ್ರೀಟು ಛಾವಣಿಯ ಮನೆಗಳಲ್ಲಿ ಆರು ಮುಖಗಳೂ ಕಠಿನ. ಬಾಗಿಲು ಕಿಟಕಿ ಮುಚ್ಚಿದರೆ ಮಂದ್ರಧ್ವನಿಗೆ ಅಲ್ಲಿ ಹೊರದಾರಿ ಕಡಿಮೆ. ಒಂದೇ ಉಪಕರಣವು ಎರಡು ಮನೆಗಳಲ್ಲಿ ಎರಡು ಬಗೆಯಾಗಿ ನುಡಿಯುವುದರ ಗುಟ್ಟು ಇಲ್ಲಿದೆ.

ಗೋಡೆಗೆ ಕೌದಿಯನ್ನೋ ಜಮಖಾನವನ್ನೋ ತೂಗುಹಾಕಿದರೆ ಗುಂಗು ಅಡಗುವುದೆಂದು ಕೆಲವರು ಭಾವಿಸುತ್ತಾರೆ. ಅದರಿಂದ ತಾರಧ್ವನಿಯ ಮಾರ್ದನಿ ಮಾತ್ರ ತಗ್ಗುತ್ತದೆ. ಗೋಡೆಗೆ ಹೊಂದಿದ ಮೃದುವಸ್ತುವು ಧ್ವನಿಯನ್ನು ಚೆನ್ನಾಗಿ ಹೀರಬೇಕಾದರೆ ಅದರ ದಪ್ಪವು ತರಂಗದೂರದ ಕಾಲುಭಾಗದಷ್ಟಿರಬೇಕು. 50 ಹರ್ಟ್ಝ್‌ಗೆ ಇದು 1.7 ಮೀಟರ್ ಆಗುತ್ತದೆ. ಅಷ್ಟು ದಪ್ಪದ ಕೌದಿಯನ್ನು ಹೊಲಿದವರಿಲ್ಲ. ಆದುದರಿಂದ ಹೀರಿಕೆಗಿಂತ ಸ್ಥಾನವನ್ನೇ ನೆಚ್ಚಬೇಕು.

ಸ್ಥಾನನಿರ್ಣಯದ ಕ್ರಮ

ಮೂಲೆಯಲ್ಲಿಟ್ಟ ಸಬ್‌ವೂಫರು ಹೆಚ್ಚು ಗಟ್ಟಿಯಾಗಿ ನುಡಿಯುತ್ತದೆ. ನೆಲವೂ ಎರಡು ಗೋಡೆಗಳೂ ಧ್ವನಿಯನ್ನು ಮುಂದಕ್ಕೆ ನೂಕಿ ಬಲ ಕೊಡುವುದು ಒಂದು ಕಾರಣ. ಮೂಲೆಯು ಕೋಣೆಯ ಎಲ್ಲ ಸಹಜ ಸ್ವರಗಳಿಗೂ ಒತ್ತಡದ ಶಿಖರವಾಗಿರುವುದು ಇನ್ನೊಂದು. ಚಿಕ್ಕ ಯಂತ್ರಕ್ಕೆ ಮೂಲೆಯು ಉಚಿತವಾಗಿ ದೊರೆತ ಶಕ್ತಿ. ಆದರೆ ಎಲ್ಲ ಸ್ವರಗಳೂ ಒಮ್ಮೆಗೇ ಕೆರಳುವುದರಿಂದ ಗುಂಗಿನ ಭಯವೂ ಅಲ್ಲಿಯೇ ಹೆಚ್ಚು. ಗೋಡೆಯ ನಡುಭಾಗದಲ್ಲಿಟ್ಟರೆ ಆ ಗೋಡೆಯ ಉದ್ದಕ್ಕೆ ಸಂಬಂಧಿಸಿದ ಮೊದಲ ಸ್ವರವು ಕೆರಳುವುದಿಲ್ಲ. ಬಲವೋ ಸಮತೆಯೋ ಎಂಬ ಆಯ್ಕೆಯು ಇಲ್ಲಿ ಉದ್ಭವಿಸುತ್ತದೆ.

ಇದನ್ನು ಲೆಕ್ಕದಿಂದ ನಿರ್ಣಯಿಸುವುದು ಕಠಿನ. ಆದರೆ ಸರಳವಾದ ಒಂದು ಪ್ರಯೋಗವುಂಟು. ಧ್ವನಿಯ ಮೂಲವನ್ನೂ ಕೇಳುಗನನ್ನೂ ಪರಸ್ಪರ ಸ್ಥಳಾಂತರಿಸಿದರೆ ಕೇಳುವ ಫಲವು ಬದಲಾಗದೆಂಬ ವಿನಿಮಯ ತತ್ತ್ವವನ್ನು ಹೆಲ್ಮ್‌ಹೋಲ್ಟ್ಸ್ ಮತ್ತು ಇಂಗ್ಲೆಂಡಿನ ಲಾರ್ಡ್ ರ್ಯಾಲೆ ಪ್ರತಿಪಾದಿಸಿದರು. ಅದರಂತೆ ನಿತ್ಯ ಕುಳಿತು ಕೇಳುವ ಆಸನದಲ್ಲಿ ಸಬ್‌ವೂಫರನ್ನೇ ಇಡಬೇಕು. ಮಂದ್ರಸ್ವರಗಳು ಒಂದಾದಮೇಲೊಂದು ಬರುವ ಧ್ವನಿಮುದ್ರಿಕೆಯನ್ನು ಹಚ್ಚಬೇಕು. ಬಳಿಕ ಕೇಳುಗನು ಗೋಡೆಗುಂಟ, ಯಂತ್ರವನ್ನು ಇಡಲು ಅನುಕೂಲವಾದ ಒಂದೊಂದು ಸ್ಥಳದಲ್ಲಿಯೂ ನೆಲಕ್ಕೆ ಬಾಗಿ, ಮಂಡಿಯೂರಿ ಸಾಗುತ್ತ ಆಲಿಸಬೇಕು. ಕಿವಿಯು ನೆಲದ ಸಮೀಪದಲ್ಲಿಯೇ ಇರಬೇಕು. ಎಲ್ಲಿ ಎಲ್ಲ ಸ್ವರಗಳೂ ಹೆಚ್ಚುಕಡಿಮೆ ಸಮನಾಗಿ, ಸ್ಪಷ್ಟವಾಗಿ ಕೇಳಿಸುವವೋ ಆ ಸ್ಥಳವೇ ಸಬ್‌ವೂಫರಿನ ಉಚಿತ ಸ್ಥಾನ. ಅತಿ ಗಟ್ಟಿಯಾಗಿ ಕೇಳಿದ ಸ್ಥಳವನ್ನು ಆರಿಸುವುದು ಸಾಮಾನ್ಯವಾದ ತಪ್ಪು. ಸಮನಾಗಿ ಕೇಳಿದ ಸ್ಥಳವನ್ನು ಆರಿಸುವುದು ವಿವೇಕ.

ಆಸನದ ಸ್ಥಾನವನ್ನೂ ನೋಡಿಕೊಳ್ಳಬೇಕು. ಹಿಂಗೋಡೆಗೆ ತಲೆಯಾನಿಸಿ ಕುಳಿತವನಿಗೆ ಮಂದ್ರಧ್ವನಿ ಅತಿಯಾಗುತ್ತದೆ. ಕೋಣೆಯ ನಟ್ಟನಡುವೆ ಕುಳಿತವನಿಗೆ ಕ್ಷೀಣಿಸುತ್ತದೆ. ಹಿಂಗೋಡೆಯಿಂದ ಕೋಣೆಯ ಉದ್ದದ ಮೂರನೆಯ ಒಂದು ಭಾಗದಷ್ಟು ಮುಂದೆ ಕುಳಿತರೆ ಎರಡೂ ಅತಿರೇಕಗಳು ತಪ್ಪುತ್ತವೆ. ಒಂದು ದೊಡ್ಡ ಯಂತ್ರಕ್ಕೆ ಬದಲಾಗಿ ಎರಡು ಚಿಕ್ಕ ಯಂತ್ರಗಳನ್ನು ಎದುರುಬದುರು ಗೋಡೆಗಳ ನಡುವಿನಲ್ಲಿಟ್ಟರೆ ಅವು ಕೆರಳಿಸುವ ಕೆಲವು ಸ್ಥಾಯೀ ತರಂಗಗಳು ಒಂದನ್ನೊಂದು ಅಳಿಸಿ, ಹಲವು ಆಸನಗಳಲ್ಲಿ ಕುಳಿತವರಿಗೆಲ್ಲ ಸಮನಾದ ನಾದ ದೊರೆಯುತ್ತದೆ.

ಸ್ಥಾನವು ನಿಶ್ಚಯವಾದ ಮೇಲೆ ಮೂರು ತಿರುಗಣೆಗಳನ್ನು ಹೊಂದಿಸಬೇಕು. ಮೊದಲನೆಯದು ವಿಭಜನಾ ಆವೃತ್ತಿ. ಎಲ್ಲಿಯವರೆಗಿನ ಸ್ವರಗಳನ್ನು ಸಬ್‌ವೂಫರು ನುಡಿಸಬೇಕೆಂಬುದನ್ನು ಇದು ಗೊತ್ತುಪಡಿಸುತ್ತದೆ. ಮುಂದಿನ ಧ್ವನಿವರ್ಧಕಗಳು ಸಾಕಷ್ಟು ದೊಡ್ಡವಾಗಿದ್ದರೆ 80 ಹರ್ಟ್ಝ್ ಯೋಗ್ಯ. ಅಂಗೈಯಗಲದ ಚಿಕ್ಕ ಧ್ವನಿವರ್ಧಕಗಳೊಡನೆ ಒಂದೇ ಕಟ್ಟಿನಲ್ಲಿ ಮಾರಾಟವಾಗುವ ಅಗ್ಗದ ಯಂತ್ರಗಳಲ್ಲಿ ಸಬ್‌ವೂಫರು 150 ಹರ್ಟ್ಝ್ ಅಥವಾ ಅದಕ್ಕೂ ಮೇಲಿನವರೆಗೆ ನುಡಿಯಬೇಕಾಗುತ್ತದೆ. ಅಂತಹ ಧ್ವನಿಯ ದಿಕ್ಕು ಕಿವಿಗೆ ತಿಳಿಯುವುದರಿಂದ ಅದನ್ನು ಹಿಂದಿನ ಮೂಲೆಯಲ್ಲಿಡದೆ ಮುಂದಿನ ಧ್ವನಿವರ್ಧಕಗಳ ನಡುವೆಯೇ ಇಡಬೇಕು. ಎರಡನೆಯದು ಕಲೆ, ಅಂದರೆ ಅಲೆಯ ಹಂತ. ಒಬ್ಬನು ಆಸನದಲ್ಲಿ ಕುಳಿತು ಇನ್ನೊಬ್ಬನು ಯಂತ್ರದ ಹಿಂಬದಿಯ ಗುಂಡಿಯನ್ನು 0ಯಿಂದ 180 ಡಿಗ್ರಿಗೆ ಬದಲಿಸಿದಾಗ, ಯಾವುದರಲ್ಲಿ ಡಗ್ಗಾದ ನಾದವು ತುಂಬಿ ಬರುವುದೋ ಅದು ಸರಿಯಾದುದು. ಮೂರನೆಯದು ಪ್ರಮಾಣ. ಯಂತ್ರವು ನುಡಿಯುತ್ತಿದೆಯೆಂಬುದು ಗಮನಕ್ಕೆ ಬಾರದೆ, ಆರಿಸಿದಾಗ ಮಾತ್ರ ಏನೋ ಕಳೆದುಹೋದಂತೆ ಅನಿಸಿದರೆ ಪ್ರಮಾಣವು ಸರಿಯಾಗಿದೆಯೆಂದು ತಿಳಿಯಬೇಕು.

ಕೆಲವು ಸಣ್ಣ ಎಚ್ಚರಿಕೆಗಳೂ ಉಂಟು. ಯಂತ್ರವನ್ನು ಕಪಾಟಿನೊಳಗಾಗಲಿ ಮರದ ಅಟ್ಟದ ಮೇಲಾಗಲಿ ಇಡಬಾರದು. ಕೊಳವೆಯ ಬಾಯಿಯು ಗೋಡೆಗೆ ತಾಗಬಾರದು. ನಾಗೊಂದಿಗೆಯ ಮೇಲಿನ ತಾಟು-ತಂಬಿಗೆಗಳು ಝಣಗುಟ್ಟಿದರೆ ದೋಷ ಯಂತ್ರದ್ದಲ್ಲ, ಜೋಡಣೆಯದು. ಸಂಗೀತವಿಲ್ಲದಿದ್ದಾಗಲೂ ಸಣ್ಣಗೆ ಗುಂಯ್‌ಗುಟ್ಟಿದರೆ ಅದು ಸಾಮಾನ್ಯವಾಗಿ 50 ಹರ್ಟ್ಝ್‌ನ ವಿದ್ಯುತ್ ಪೂರೈಕೆಯ ಪ್ರಭಾವ. ಭೂಸಂಪರ್ಕವನ್ನು ಪರೀಕ್ಷಿಸಬೇಕು, ಧ್ವನಿಯ ತಂತಿಯನ್ನು ವಿದ್ಯುತ್ ತಂತಿಯಿಂದ ದೂರವಿಡಬೇಕು. ಪ್ರವಚನ, ವಾರ್ತೆಗಳನ್ನು ಕೇಳುವಾಗ ಸಬ್‌ವೂಫರಿನ ಪ್ರಮಾಣವನ್ನು ತಗ್ಗಿಸುವುದು ಒಳಿತು. ಮಾತಿನ ಅರ್ಥವನ್ನು ಹೊರುವ ವ್ಯಂಜನಗಳು 1,000ದಿಂದ 4,000 ಹರ್ಟ್ಝ್‌ಗಳ ಪ್ರದೇಶದಲ್ಲಿವೆ. ಮಂದ್ರದ ಗುಂಗು ಅವುಗಳನ್ನು ಮಸುಕುಗೊಳಿಸುತ್ತದೆ.

ಗೋಡೆಯಾಚೆಯ ಕೇಳುಗ

ಮನೆಯೊಳಗಿನ ಆಸನದ ವಿಚಾರವನ್ನು ಮುಗಿಸಿದರೆ ಕರ್ತವ್ಯ ಮುಗಿಯದು. ಮಂದ್ರಧ್ವನಿಗೆ ಗೋಡೆಯಾಚೆಗೂ ಒಬ್ಬ ಕೇಳುಗನಿರುತ್ತಾನೆ. ಗೋಡೆಯು ಧ್ವನಿಯನ್ನು ತಡೆಯುವ ಶಕ್ತಿಯು, ಆವೃತ್ತಿಯು ಅರ್ಧಕ್ಕಿಳಿದಂತೆ ಸುಮಾರು 6 ಡೆಸಿಬೆಲ್‌ನಷ್ಟು ಕುಗ್ಗುತ್ತ ಹೋಗುತ್ತದೆ. ರಬಕವಿ-ಬನಹಟ್ಟಿಗಳ ನೇಕಾರರ ಓಣಿಗಳಲ್ಲಿ ಇದರ ಅನುಭವ ಎಲ್ಲರಿಗೂ ಇದೆ. ವಿದ್ಯುತ್ ಮಗ್ಗದ ಲಾಳಿಯ ಚಟಪಟ ಸದ್ದು ಗೋಡೆಯಲ್ಲಿ ಬಹುಮಟ್ಟಿಗೆ ನಿಲ್ಲುತ್ತದೆ. ಅದರ ಬಡಿತದ ದಡದಡ ಮಾತ್ರ ಪಕ್ಕದ ಮನೆಯ ನೆಲದಲ್ಲಿಯೂ ಕೇಳುತ್ತದೆ. ಮಗ್ಗದ ಸದ್ದು ಅನ್ನದ ಸದ್ದು. ಅದನ್ನು ಓಣಿಯು ಸಹಿಸಿಕೊಂಡು ಬಂದಿದೆ. ಹಗಲೆಲ್ಲ ಮಗ್ಗದ ಮುಂದೆ ದುಡಿದು ದಣಿದವನ ನಿದ್ರೆಯ ವೇಳೆಗೆ ವಿನೋದದ ಸದ್ದು ಗೋಡೆ ದಾಟಿ ಹೋಗುವುದು ಸಹಿಸತಕ್ಕದ್ದಲ್ಲ.

ಭಾರತ ಸರ್ಕಾರದ 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್‌ಗಳ ಮಿತಿಯನ್ನು ಗೊತ್ತುಪಡಿಸಿವೆ. ರಾತ್ರಿಯೆಂದರೆ 10 ಗಂಟೆಯಿಂದ ಬೆಳಗಿನ 6 ಗಂಟೆಯವರೆಗೆ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಈ ಮಿತಿಯನ್ನು ಅಳೆಯುವ ಮಾಪಕವು ಮಾನವನ ಕಿವಿಯನ್ನು ಅನುಕರಿಸಿ ಮಂದ್ರಧ್ವನಿಯನ್ನು ಕಡಿಮೆಯಾಗಿ ಎಣಿಸುತ್ತದೆ. 50 ಹರ್ಟ್ಝ್‌ನ ಧ್ವನಿಯನ್ನು ಸುಮಾರು 30 ಡೆಸಿಬೆಲ್‌ನಷ್ಟು ತಗ್ಗಿಸಿ ತೋರಿಸುತ್ತದೆ. ಮಾಪಕವು ನಿರಪರಾಧಿಯೆಂದು ಸಾರಿದಾಗಲೂ ನೆರೆಮನೆಯ ಮಂಚವು ಮಿಡಿಯುತ್ತಿರಬಹುದು. ಕಾನೂನಿನ ಅಂಕಿಯು ಇಲ್ಲಿ ಕೊನೆಯ ಮಾತಲ್ಲ. ನೆರೆಯವರನ್ನು ಕೇಳುವುದೇ ಕೊನೆಯ ಮಾತು.

ಅಮೆರಿಕೆಯ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ತೋರಿಸಿದಂತೆ, ಧ್ವನಿಯನ್ನು ಒಟ್ಟಾರೆ ತಗ್ಗಿಸಿದಾಗ ಕಿವಿಗೆ ಮಂದ್ರವು ಎಲ್ಲಕ್ಕಿಂತ ಬೇಗನೆ ಮಾಯವಾಗುತ್ತದೆ. ರಾತ್ರಿ ಸಣ್ಣಗೆ ಕೇಳುವವರು ಆ ಕೊರತೆಯನ್ನು ತುಂಬಲು ಸಬ್‌ವೂಫರನ್ನು ಏರಿಸುತ್ತಾರೆ. ಅದೇ ನೆರೆಯವರ ಕಷ್ಟಕ್ಕೆ ಮೂಲ. ಇದಕ್ಕೆ ಪರಿಹಾರವೂ ಸ್ಥಾನದಲ್ಲಿಯೇ ಇದೆ. ಯಂತ್ರವನ್ನು ಇಬ್ಬರಿಗೂ ಸೇರಿದ ಗೋಡೆಯಿಂದ ದೂರವಿಡಬೇಕು. ಕೆಳಗೆ ದಪ್ಪ ರಬ್ಬರಿನ ಮೆತ್ತೆಗಳನ್ನು ಕೊಟ್ಟು ನೆಲದ ಕಂಪನವನ್ನು ತಡೆಯಬೇಕು. ಆಸನಕ್ಕೆ ಸಮೀಪದಲ್ಲಿಟ್ಟು ಕಡಿಮೆ ಪ್ರಮಾಣದಲ್ಲಿ ಕೇಳಬೇಕು. ಕೇಳುಗನಿಗೆ ಹತ್ತಿರವಾದ ಯಂತ್ರಕ್ಕೆ ಕೂಗುವ ಅಗತ್ಯವಿರುವುದಿಲ್ಲ. ರಾತ್ರಿ 10ರ ಬಳಿಕ ಅದನ್ನು ಆರಿಸಿಬಿಡುವುದೇ ಉತ್ತಮ.

ಉಪಸಂಹಾರ

ಮಂದ್ರನಾದವನ್ನು ಹಣದಿಂದ ಅರ್ಧ ಮಾತ್ರ ಕೊಳ್ಳಬಹುದು. ಉಳಿದರ್ಧವನ್ನು ಆಲಿಸುವ ತಾಳ್ಮೆಯಿಂದ ಸಂಪಾದಿಸಬೇಕು. ವಿದ್ಯಾರ್ಥಿಗಳು ತಮ್ಮ ಮನೆಯ ಕೋಣೆಯನ್ನು ಅಳತೆಪಟ್ಟಿಯಿಂದ ಅಳೆದು ಅದರ ಮೂರು ಸಹಜ ಸ್ವರಗಳನ್ನು ಲೆಕ್ಕ ಹಾಕಲಿ. ಬಳಿಕ ನೆಲಕ್ಕೆ ಕಿವಿಗೊಟ್ಟು ಆ ಲೆಕ್ಕವನ್ನು ಪರೀಕ್ಷಿಸಲಿ. ಪಠ್ಯದಲ್ಲಿ ಓದಿದ ತರಂಗದೂರ, ಪ್ರತಿಫಲನ, ಅನುರಣನೆಗಳು ಸ್ವಂತ ಪಡಸಾಲೆಯಲ್ಲಿ ಜೀವಂತವಾಗಿ ನಿಂತಿರುವುದನ್ನು ಅವರು ಕಾಣುವರು. ಕೊನೆಯಲ್ಲಿ ಒಮ್ಮೆ ಹೊರಗೆ ಹೋಗಿ, ನೆರೆಮನೆಯ ಗೋಡೆಯ ಪಕ್ಕದಲ್ಲಿ ನಿಂತು ಆಲಿಸಲಿ. ಒಳಗೆ ತುಂಬಿದ ನಾದವು ಅಲ್ಲಿ ಕೇಳಿಸದಿದ್ದರೆ ಸಬ್‌ವೂಫರು ಯೋಗ್ಯಸ್ಥಾನದಲ್ಲಿದೆಯೆಂದು ಧಾರಾಳವಾಗಿ ಹೇಳಬಹುದು.